ಹೊಸ ಆಮೆಗೆ ಪ್ರತ್ಯೇಕ ವಾಸ ಏಕೆ?

ಕಳ್ಳಸಾಗಣೆಯಲ್ಲಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಮರಳಿದವು. ಇಂಥ ಆಮೆಗಳನ್ನು ನೇರವಾಗಿ ಕಾಡಿಗೆ ಬಿಡುವಂತಿಲ್ಲ. ಏಕೆ ಗೊತ್ತೆ?

ಆಮೆಗೆ ನಮ್ಮಂತೆ ವಪೆಯಿಲ್ಲ. ಅದು ಸರಿಯಾಗಿ ಕೆಮ್ಮಲಾರದು. ಹೀಗಾಗಿ ಕಫ ಶ್ವಾಸಕೋಶದಲ್ಲೇ ಉಳಿಯುತ್ತದೆ. ಮೂಗಿನಲ್ಲಿ ಗುಳ್ಳೆ, ಊದಿದ ರೆಪ್ಪೆ, ಬಾಯ್ದೆರೆದ ಉಸಿರಾಟ ಕಂಡರೆ ಸೋಂಕನ್ನು ಶಂಕಿಸಬೇಕು. ಆದರೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯವನ್ನು ಹೊತ್ತ ಆಮೆ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ರಕ್ತದಲ್ಲಿ ಪ್ರತಿಕಾಯ ಮೂಡಲೂ ವಾರಗಳು ಬೇಕು. ಒಂದು ವಾರ ಬೇರೆಯಿಡುವುದು ಬರೀ ತೋರಿಕೆ. ಕನಿಷ್ಠ 3 ತಿಂಗಳಾದರೂ ಬೇಕು. ನೀರಿನ ತಟ್ಟೆ, ಪೊರಕೆ ಸಹ ಬೇರೆಯಿರಲಿ. ಹಳೆಯ ಆಮೆಗಳ ಆರೈಕೆ ಮುಗಿದ ಮೇಲೆಯೇ ಹೊಸದನ್ನು ಮುಟ್ಟಬೇಕು.

ನಿಮ್ಮ ಶಾಲೆಗೆ ಯಾರಾದರೂ ನಕ್ಷತ್ರ ಆಮೆ ತಂದರೆ? ಕರುಣೆಯಿಂದ ಸಿಂಧಘಟ್ಟದ ಕೆರೆಗೆ ಬಿಟ್ಟೀರಿ! ಇದು ನೆಲದಾಮೆ, ಮುಳುಗಿ ಸಾಯುತ್ತದೆ. ಕುರುಚಲು ಕಾಡಿಗೆ ಬಿಟ್ಟರೆ ಅಲ್ಲಿನ ಆಮೆಗಳಿಗೆ ರೋಗ ತಗಲೀತು. ಇದನ್ನು ಸಾಕುವುದು ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸಿ.