ಬಾಟಲಿಗೊಂದು ಯಾಲಕ್ಕಿ ಹಾರ

ಅಮೆರಿಕದ ಸನ್ಯಾಸಿಗಳು ಕ್ರಿಸ್‌ಮಸ್ಸಿಗೆಂದು ಮಸಾಲೆ ಹಾಕಿ ಮಾಡಿದ ಬೀರು. ಅದರ ಸುತ್ತ ಕುಳಿತವರು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹಳೆಯ ಗೆಳೆಯರು. ಮಾತು ಬಾಟಲಿಯಿಂದ ಹೊರಟು ಮಠದ ಅಂಗಳದಲ್ಲಿ ಹೋಗಿ ನಿಂತಿತು.

ಡಿಸೆಂಬರಿನ ಕೊನೆಯ ವಾರ, ಮೋಟೆಬೆನ್ನೂರಿನ ಹತ್ತಿರದ ಒಂದು ಹೊಲದ ಮನೆ. ಅಂಗಳದ ತುಂಬ ಕೆಂಪಗೆ ಹರಡಿದ ಮೆಣಸಿನಕಾಯಿ. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಸೀನುತ್ತಿದ್ದೆವು. ಹಾವೇರಿಯ ಜಿ.ಎಚ್. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ನಾಲ್ವರು ನಾವು. ಒಬ್ಬನಿಗೆ ಬ್ಯಾಡಗಿಯಲ್ಲಿ ದಲಾಲಿ ಅಂಗಡಿ, ಇನ್ನೊಬ್ಬನಿಗೆ ರಾಣೆಬೆನ್ನೂರಿನಲ್ಲಿ ಗೋವಿನಜೋಳದ ವ್ಯಾಪಾರ. ಮೂರನೆಯವನು ಹದಿನೈದು ವರ್ಷಗಳಿಂದ ಬಾಸ್ಟನ್ನಿನಲ್ಲಿದ್ದಾನೆ. ನಾಲ್ಕನೆಯವನು ನಾನು, ಹಾವೇರಿ ಬಿಟ್ಟು ಕದಲದವನು.

ಊರಿಗೆ ಬಂದವನಿಗೆ ಹಾಕೋಣವೆಂದು ಒಂದು ಯಾಲಕ್ಕಿ ಹಾರ ಒಯ್ದಿದ್ದೆ. ಅವನು ಕೊರಳಿಗೆ ಹಾಕಿಸಿಕೊಂಡವನೇ ತೆಗೆದು, ಚೀಲದಿಂದ ಹೊರತೆಗೆದ ಬಾಟಲಿಯ ಕುತ್ತಿಗೆಗೆ ಇಳಿಬಿಟ್ಟ. “ಇವತ್ತಿನ ಅತಿಥಿ ಇದು, ನಾನಲ್ಲ” ಅಂದ. ಬಾಟಲಿಯ ಮೇಲೆ ‘ಸ್ಪೆನ್ಸರ್ ಹಾಲಿಡೇ ಏಲ್’ ಎಂದಿತ್ತು. ಮ್ಯಾಸಚೂಸೆಟ್ಸಿನ ಸ್ಪೆನ್ಸರ್ ಎಂಬ ಊರಿನ ಸೇಂಟ್ ಜೋಸೆಫ್ ಮಠದಲ್ಲಿ ಟ್ರಾಪಿಸ್ಟ್ ಪಂಥದ ಸನ್ಯಾಸಿಗಳು ಮಾಡಿದ್ದು. ಅಮೆರಿಕದ ಮೊದಲ ಟ್ರಾಪಿಸ್ಟ್ ಬೀರು ಅಲ್ಲಿಯದು, 2014ರಲ್ಲಿ ಮಾರುಕಟ್ಟೆಗೆ ಬಂತು. 2022ರಲ್ಲಿ ಗಿಟ್ಟದೆ ಭಟ್ಟಿ ಮುಚ್ಚಿತು. ಮುಚ್ಚುವ ಮೊದಲು ಕೊಂಡು ಕಪಾಟಿನಲ್ಲಿ ಇಟ್ಟುಕೊಂಡಿದ್ದ ಎರಡು ಬಾಟಲಿಗಳನ್ನು ಗೆಳೆಯ ಬಟ್ಟೆಯ ನಡುವೆ ಸುತ್ತಿಕೊಂಡು ತಂದಿದ್ದ. ಗಟ್ಟಿ ಬೀರು ನಾಲ್ಕಾರು ವರ್ಷ ಇಟ್ಟರೂ ಕೆಡುವುದಿಲ್ಲವಂತೆ.

ತೆಗೆಯುವ ಮೊದಲೇ ತಕರಾರು ಎದ್ದಿತು. “ಮೈಲಾರ ಮಹಾದೇವಪ್ಪನ ಊರ ಮಗ್ಗಲಿಗೆ ಕುಂತು ಬಾಟ್ಲಿ ತಗೀತೀರೇನ್ರಲೇ?” ಎಂದ ರಾಣೆಬೆನ್ನೂರಿನವನು. ದಂಡಿಯವರೆಗೆ ಗಾಂಧೀಜಿಯ ಜೊತೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮಹಾದೇವಪ್ಪ ಹುಟ್ಟಿದ್ದು ಇದೇ ಮೋಟೆಬೆನ್ನೂರಿನಲ್ಲಿ. ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ತಕರಾರು ತೆಗೆದವನು ಕುಡಿಯುವವನಲ್ಲ. ಅದರ ಹಿಂದೊಂದು ಕಥೆಯಿದೆ, ಆಮೇಲೆ ಹೇಳುತ್ತೇನೆ. “ನಾ ಬರೇ ಮೂಸಿ ನೋಡ್ತೀನಿ” ಎಂದು ಅವನೂ ಒಂದು ಲೋಟ ಹಿಡಿದ.

ಬಣ್ಣ ಗಟ್ಟಿ ಬೆಲ್ಲದ ನೀರಿನಂತೆ ಕಂದು. ನೊರೆ ಮೆಲ್ಲಗೆ ಇಳಿಯಿತು. ಬ್ಯಾಡಗಿಯವನು ಒಂದು ಗುಟುಕು ಹೀರಿ ಮುಖ ಗಂಟಿಕ್ಕಿದ. “ಏನೋ ಇದು, ನೆಗಡಿ ಆದಾಗ ನಮ್ಮವ್ವ ಕುಡಿಸ್ತಿದ್ದ ಕಷಾಯ ಇದ್ದಂಗ ಐತಲ್ಲ!” ನನಗೆ ಮೊದಲು ಸಿಕ್ಕಿದ್ದು ಸುಟ್ಟ ಸಕ್ಕರೆಯಂಥ ಸಿಹಿ. ಆಮೇಲೆ ಗಂಟಲಿನಲ್ಲಿ ಶುಂಠಿಯಂಥ ಬಿಸಿ, ಕೊನೆಗೆ ಮೂಗಿಗೆ ಹತ್ತಿದ ಲವಂಗದಂಥ ವಾಸನೆ. ಕುಡಿಯದವನ ತೀರ್ಪೇ ಎಲ್ಲಕ್ಕಿಂತ ಚೆನ್ನಾಗಿತ್ತು. ಲೋಟವನ್ನು ಎರಡು ಸಲ ಮೂಸಿ, “ಜಾತ್ರಿ ಮರುದಿನ ಮಿಠಾಯಿ ಅಂಗಡಿ ತಗದ ಜಾಗ” ಅಂದ.

ಬಾಸ್ಟನ್ನಿನವನು ಮಾಡುವ ಬಗೆ ವಿವರಿಸಿದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿ ಸಿಹಿ ಇಳಿಸುತ್ತಾರೆ. ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ಮಸಾಲೆಯನ್ನು ಹಾಕುವುದು ಕುದಿ ಮುಗಿಯುತ್ತ ಬಂದಾಗ, ಮೊದಲೇ ಹಾಕಿದರೆ ಘಮ ಹಬೆಯೊಂದಿಗೆ ಹಾರಿಹೋಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಪಾಯಸಕ್ಕೆ ಯಾಲಕ್ಕಿ ಪುಡಿ ಉದುರಿಸುವ ನಮ್ಮ ಅವ್ವಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

“ನಮ್ಮ ಗೋವಿನಜೋಳ ಇದರಾಗ ಇಲ್ಲೇನು?” ಎಂಬುದು ರಾಣೆಬೆನ್ನೂರಿನ ಪ್ರಶ್ನೆ. ದೊಡ್ಡ ಕಂಪನಿಗಳ ಅಗ್ಗದ ಬೀರಿನಲ್ಲಿ ಬಾರ್ಲಿಯ ಜೊತೆಗೆ ಗೋವಿನಜೋಳವೋ ಅಕ್ಕಿಯೋ ಬೀಳುವುದುಂಟು. ಬ್ಯಾಡಗಿಯವನಿಗೆ ಮೆಣಸಿನಕಾಯಿಯೇ ಇಲ್ಲದ ಮಸಾಲೆ ಎಂಥ ಮಸಾಲೆ ಅನ್ನಿಸಿತು. ಅಂಗಳದಿಂದ ಡಬ್ಬಿ ಜಾತಿಯ ಒಂದು ಕಾಯಿ ಆರಿಸಿ ತಂದು ಬೀಜ ಉದುರಿಸಿ ತನ್ನ ಲೋಟಕ್ಕೆ ಮುರಿದು ಹಾಕಿದ. ಹತ್ತು ನಿಮಿಷ ಕಾದರೂ ಬೀರು ಕೆಂಪಾಗಲಿಲ್ಲ, ನಾಲಿಗೆಗೂ ಅಂಥ ಖಾರ ಹತ್ತಲಿಲ್ಲ. ನಾವು ನಕ್ಕೆವು, ಆದರೆ ದಲಾಲಿಗೆ ಕಾರಣ ಗೊತ್ತಿತ್ತು. ಬ್ಯಾಡಗಿ ಕಾಯಿಗೆ ಬೆಲೆ ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅದಕ್ಕೇ ಒಗ್ಗರಣೆಯಲ್ಲಿ ಅರಳಿದಂತೆ ಅದು ಸಾರಿನಲ್ಲಿ ಅರಳುವುದಿಲ್ಲ. ಕಾರ್ಖಾನೆಗಳು ಅದರ ಬಣ್ಣದ ಸತ್ವವಾದ ಓಲಿಯೋರೆಸಿನ್ ತೆಗೆದು ತಿಂಡಿತಿನಿಸಿಗೂ ತುಟಿಯ ಬಣ್ಣಕ್ಕೂ ಕಳಿಸುತ್ತವೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು.

ಇನ್ನು ನಮ್ಮ ಯಾಲಕ್ಕಿ. ಹಾವೇರಿಯನ್ನು ಯಾಲಕ್ಕಿ ಕಂಪಿನ ನಾಡು ಅನ್ನುತ್ತಾರೆ, ಹಾಗಂತ ಊರಲ್ಲಿ ಯಾಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಕಾಯಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬಿಳುಪುಗೊಳಿಸಿ ಮಾರುವುದು ಇಲ್ಲಿಯ ಹಳೆಯ ಕಸುಬಾಗಿತ್ತು. ಆ ಪೇಟೆ ಕರಗಿತು, ಹಾರ ಉಳಿಯಿತು. ಪಟವೇಗಾರ ಮನೆತನದವರು ರೇಷ್ಮೆ ಎಳೆ, ಜರಿ, ಮಣಿಗಳ ನಡುವೆ ಕಾಯಿ ಪೋಣಿಸಿ ಇವತ್ತಿಗೂ ಕಟ್ಟುತ್ತಾರೆ. ನಾವು ಯಾಲಕ್ಕಿಯನ್ನು ಮಂತ್ರಿಗಳ ಕೊರಳಿಗೆ ಹಾಕಿದೆವು. ಯೂರೋಪಿನವರು ಯಾಲಕ್ಕಿಯ ದಾಯಾದಿಯಾದ ಆಫ್ರಿಕದ ‘ಗ್ರೇನ್ಸ್ ಆಫ್ ಪ್ಯಾರಡೈಸ್’ ಬೀಜವನ್ನು ಬೀರಿನ ಹಂಡೆಗೆ ಹಾಕಿದರು. ಯಾರು ಜಾಣರೋ ನೀವೇ ಹೇಳಿ.

ಹಂಡೆಯೂ ಕಾಯಕವೇ

ಎರಡನೆಯ ಬಾಟಲಿ ತೆಗೆಯುವ ಹೊತ್ತಿಗೆ ನಿಜವಾದ ಪ್ರಶ್ನೆ ಬಂತು. ಸನ್ಯಾಸಿಗಳಿಗೇಕೆ ಬೀರಿನ ಉಸಾಬರಿ?

ಆರನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಹಾಕಿದ ಕಟ್ಟಳೆಯ ಪ್ರಕಾರ ಸನ್ಯಾಸಿ ತನ್ನ ಕೈಕೆಲಸದಿಂದಲೇ ಬದುಕಬೇಕು. ಟ್ರಾಪಿಸ್ಟರು ಅದನ್ನು ಬಿಗಿಯಾಗಿ ಹಿಡಿದವರು. ಕೆಲವು ಮಠ ಚೀಸ್ ಮಾಡುತ್ತವೆ, ಕೆಲವು ಬ್ರೆಡ್ಡು, ಕೆಲವು ಬೀರು. ಬಾಟಲಿಯ ಮೇಲೆ ಟ್ರಾಪಿಸ್ಟ್ ಮುದ್ರೆ ಬೇಕೆಂದರೆ 1997ರಲ್ಲಿ ಹುಟ್ಟಿದ ಅವರ ಒಕ್ಕೂಟದ ನಿಯಮ ಪಾಲಿಸಬೇಕು. ಬೀರು ಮಠದ ಆವರಣದಲ್ಲೇ ಆಗಬೇಕು, ಸನ್ಯಾಸಿಗಳೇ ಮಾಡಬೇಕು ಇಲ್ಲವೇ ಅವರ ಕಣ್ಣೆದುರು ಆಗಬೇಕು, ಬಂದ ಹಣ ಮಠದ ಖರ್ಚಿಗೂ ದಾನಕ್ಕೂ ಹೋಗಬೇಕು. ಇದಕ್ಕೆ ಕನ್ನಡದಲ್ಲಿ ಸುಮಾರು ಒಂಬೈನೂರು ವರ್ಷಗಳಿಂದ ಪದಗಳಿವೆ: ಕಾಯಕ, ದಾಸೋಹ. ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬನಿದ್ದ, ಹೆಂಡದ ಮಾರಯ್ಯನೆಂದೇ ಹೆಸರು. ಹಾಪ್ಸ್ ಹಾಕಿದರೆ ಪಾನೀಯ ಬೇಗ ಕೆಡುವುದಿಲ್ಲವೆಂದು ಬರೆದಿಟ್ಟ ಜರ್ಮನ್ ಸನ್ಯಾಸಿನಿ ಹಿಲ್ಡೆಗಾರ್ಡ್ 1179ರಲ್ಲಿ ತೀರಿಕೊಂಡಳು. ಅಂದರೆ ಅಕ್ಕಮಹಾದೇವಿಯ ಕಾಲದವಳೇ.

“ಹಂಗಂತ ನಮ್ಮ ಹಾವೇರಿ ಹುಕ್ಕೇರಿಮಠದಾಗ ಭಟ್ಟಿ ಹಚ್ಚಾಕ ಬರ್ತದೇನು?” ಎಂದು ರಾಣೆಬೆನ್ನೂರಿನವನು ಎದ್ದು ಕೂತ. ಈಗ ಅವನ ಕಥೆ. ಅವನ ತಂದೆ ದುಡಿದದ್ದೆಲ್ಲ ಸಾರಾಯಿ ಅಂಗಡಿಗೆ ಸುರಿದವರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಬರುತ್ತಿದ್ದರು. ಕಾಸು ಕಾಳು ಕೇಳುತ್ತಿರಲಿಲ್ಲ, ಜನರ ಚಟ ಬೇಡುತ್ತಿದ್ದರು. ಒಂದು ಸಂಜೆ ಗೆಳೆಯನ ತಂದೆಯೂ ಆ ಮಹಾಂತ ಜೋಳಿಗೆಗೆ ತಮ್ಮ ಕುಡಿತ ಹಾಕಿ ಬಂದರು, ಸಾಯುವ ತನಕ ಮತ್ತೆ ಮುಟ್ಟಲಿಲ್ಲ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಲ್ಲಿ ಸನ್ಯಾಸಿ ಕುಡಿಯಲು ಕೊಟ್ಟ, ಇಲ್ಲಿ ಸನ್ಯಾಸಿ ಕುಡಿತವನ್ನೇ ಇಸಿದುಕೊಂಡ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ಬೀರಿನಿಂದ ಯೂರೋಪಿನಲ್ಲಿ ಮಠ ನಡೆದಿರಬಹುದು, ಸಾರಾಯಿಯಿಂದ ನಮ್ಮ ಹಳ್ಳಿಗಳಲ್ಲಿ ಮನೆ ಮುರಿದಿದ್ದನ್ನು ನಾನೇ ಕಂಡಿದ್ದೇನೆ.

ಆಗ ಬಾಸ್ಟನ್ನಿನವನು ನನಗೂ ಗೊತ್ತಿರದ ಒಂದು ಸಂಗತಿ ತೆಗೆದ. ಬೆಲ್ಜಿಯಮ್ಮಿನ ಸ್ಕುರ್ಮೋಂ ಮಠದಲ್ಲಿ 1862ರಿಂದ ಶಿಮೆ ಎಂಬ ಹೆಸರಾಂತ ಬೀರು ತಯಾರಾಗುತ್ತಿದೆ. ಅದೇ ಮಠದ ಫ್ರಾನ್ಸಿಸ್ ಮಾಹ್ಯೂ ಎಂಬ ಸನ್ಯಾಸಿ 1955ರಲ್ಲಿ ಭಾರತಕ್ಕೆ ಬಂದರು. 1958ರಲ್ಲಿ ಕೇರಳದ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಕಟ್ಟಿದರು. ಕಾವಿ ಉಟ್ಟರು, ಮಾಂಸ ಬಿಟ್ಟರು, ನೆಲದ ಮೇಲೆ ಕುಳಿತು ಉಂಡರು. ಯಾಲಕ್ಕಿ ಬೆಟ್ಟಗಳ ಆ ಸೀಮೆಯಲ್ಲಿ ಹೊಟ್ಟೆಪಾಡಿಗೆ ಅವರು ಬೀರಿನ ಹಂಡೆ ಇಡಲಿಲ್ಲ, ಆಕಳು ಕಟ್ಟಿದರು. ಆಶ್ರಮದ ಕಾಯಕ ಹೈನುಗಾರಿಕೆ. 1998ರಲ್ಲಿ ಅದು ಟ್ರಾಪಿಸ್ಟ್ ಪಂಥಕ್ಕೇ ಸೇರಿತು. “ಬೀರಿನ ಮಠದಾವ ಇಲ್ಲಿ ಬಂದು ಹಾಲು ಹಿಂಡಿದ” ಎಂದು ರಾಣೆಬೆನ್ನೂರಿನವನು ನನ್ನ ತೊಡೆಗೆ ಬಡಿದ. ಆ ಸಂಜೆ ಗೆದ್ದವನು ಅವನೇ.

ಹಬ್ಬಕ್ಕೆಂದೇ ವರ್ಷಕ್ಕೊಮ್ಮೆ ಮಾಡುವ ಪಾನೀಯ ನಮ್ಮಲ್ಲೂ ಉಂಟು. ಯುಗಾದಿಯ ಬೇವು ಹಳೇ ಮೈಸೂರಿನ ಕಡೆಯವರಿಗೆ ಬೆಲ್ಲದ ಜೊತೆ ಜಗಿಯುವ ಎಲೆ, ಹೂ. ಹಾವೇರಿ, ಗದಗ, ಧಾರವಾಡದ ಮನೆಗಳಲ್ಲಿ ಅದು ಲೋಟದಲ್ಲಿ ಕುಡಿಯುವ ಬೇವು. ಹುಣಸೆ ಹುಳಿ, ಬೆಲ್ಲ, ಪುಠಾಣಿ ಹಿಟ್ಟು, ಮಾವಿನಕಾಯಿ ತುರಿ, ಒಣದ್ರಾಕ್ಷಿ, ಗೋಡಂಬಿ, ಯಾಲಕ್ಕಿ, ಮೇಲೆ ಒಂದು ಚಿಟಿಕೆ ಬೇವಿನ ಹೂ. ಹಬ್ಬದ ದಿನ ಬಂದವರಿಗೆಲ್ಲ ಅದನ್ನೇ ಕೊಡುತ್ತೇವೆ, ಬಾಟಲಿಯಲ್ಲಿ ತುಂಬಿ ಮಾರುವ ಬುದ್ಧಿ ಯಾರಿಗೂ ಬಂದಿಲ್ಲ. ಆ ಸ್ಪೆನ್ಸರ್ ಬೀರು ಕೆಟ್ಟದ್ದೇನಲ್ಲ. ಆದರೆ ಎರಡನೆಯ ಲೋಟಕ್ಕೆ ಕೈ ಚಾಚುವಷ್ಟು ರುಚಿ ನನಗೆ ಅದರಲ್ಲಿ ಸಿಗಲಿಲ್ಲ. ಬೇವನ್ನು ಮಾತ್ರ ಚಿಕ್ಕಂದಿನಿಂದ ಮೂರು ಲೋಟಕ್ಕೆ ಕಡಿಮೆ ಕುಡಿದವನಲ್ಲ.

ಯುಗಾದಿಗೆ ಹಾವೇರಿ ಕಡೆ ಬನ್ನಿ. ಬೇವಿಗೆ ಮನೆ ಹುಡುಕಬೇಕಾಗಿಲ್ಲ, ಯಾವ ಬಾಗಿಲು ತಟ್ಟಿದರೂ ನಡೆಯುತ್ತದೆ.