ಬುಧವಾರದ ಮತ, ಗುರುವಾರದ ಮಾಲೀಕ

2024ರ ನವೆಂಬರ್ 13, ಬುಧವಾರ. ವಯನಾಡು ಲೋಕಸಭಾ ಉಪಚುನಾವಣೆ. ಅಲ್ಲಿನ ಪನಮರಂ ಊರಿನ ಮತದಾರರು ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಕಣದಲ್ಲಿದ್ದವರು 16 ಮಂದಿ. ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು ಹೆಚ್ಚೆಂದರೆ 95 ಲಕ್ಷ ರೂಪಾಯಿ. ಜೀಪು, ಮೈಕು, ಬ್ಯಾನರು, ಚಹಾ ಎಲ್ಲಕ್ಕೂ ಲೆಕ್ಕ ಬರೆದಿಡಬೇಕು, ಫಲಿತಾಂಶ ಬಂದ 30 ದಿನದೊಳಗೆ ಒಪ್ಪಿಸಬೇಕು. ತಪ್ಪಿದರೆ ಮೂರು ವರ್ಷ ಅನರ್ಹತೆಯ ಶಿಕ್ಷೆ ಬೀಳಬಹುದು.

ಮರುದಿನ, ಬೆರಳಿನ ಶಾಯಿ ಮಾಸುವ ಮೊದಲೇ, ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಭಾರತದ ಮನರಂಜನೆ ಹಾಗೂ ಕ್ರೀಡಾ ವಾಹಿನಿಗಳ ವಿಲೀನ ಮುಗಿಯಿತೆಂದು ಸಾರಿದವು. ನೂರಕ್ಕೂ ಹೆಚ್ಚು ವಾಹಿನಿಗಳು. ಕೂಡು ಕಂಪನಿಗೆ ಕಟ್ಟಿದ ಬೆಲೆ 70,352 ಕೋಟಿ ರೂಪಾಯಿ.

ಈ ಮೊತ್ತ ಸುಲಭಕ್ಕೆ ತಲೆಗೆ ಹತ್ತುವುದಿಲ್ಲ. ವಯನಾಡಿನ ಕೊಳಗದಲ್ಲೇ ಅಳೆದು ನೋಡೋಣ. 16 ಅಭ್ಯರ್ಥಿಗಳೂ ಮಿತಿ ಮುಟ್ಟುವಷ್ಟು ಖರ್ಚು ಮಾಡಿದರೂ ಒಟ್ಟು 15.20 ಕೋಟಿ. 70,352 ಕೋಟಿಯಲ್ಲಿ ಅಂಥ 4,628 ಚುನಾವಣೆ ನಡೆಸಬಹುದು. ಐದು ವರ್ಷಕ್ಕೊಂದರಂತೆ ಹಿಂದಕ್ಕೆ ಎಣಿಸುತ್ತ ಹೋದರೆ 23,140 ವರ್ಷ! ಪುಟ್ಟಣ್ಣನವರ ಸಿನಿಮಾದಿಂದ ನಮಗೆಲ್ಲ ಹೆಸರು ಗೊತ್ತಿರುವ, ಇದೇ ವಯನಾಡಿನ ಎಡಕಲ್ಲಿನ ಗುಹೆಯಲ್ಲಿ ಆಗಿನ್ನೂ ಯಾರೂ ಗೆರೆ ಕೊರೆದಿರಲಿಲ್ಲ.

ಇಷ್ಟು ದೊಡ್ಡ ವಿಲೀನಕ್ಕೆ ಸ್ಪರ್ಧಾ ಆಯೋಗ ಆಗಸ್ಟ್ 28ರಂದೇ ಷರತ್ತಿನ ಒಪ್ಪಿಗೆ ಕೊಟ್ಟಿತ್ತು. ಜಾಹೀರಾತಿನ ದರ, ಕ್ರಿಕೆಟ್ ಹಕ್ಕು, ಮಾರುಕಟ್ಟೆಯ ಪಾಲು: ಅದು ತೂಗುವುದು ಇಂಥವನ್ನು. ಇಷ್ಟೊಂದು ಮನೆಗಳ ಕಿವಿ ಒಬ್ಬರ ಕೈಯಲ್ಲಿರಬಹುದೇ ಎಂಬುದು ಅದರ ತಕ್ಕಡಿಗೆ ಬರುವ ಸರಕಲ್ಲ. ಆ ಪ್ರಶ್ನೆ ಎತ್ತಿದ್ದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ರಾಜಕೀಯ ಪಕ್ಷಗಳಿಗೆ ವಾಹಿನಿ ಬೇಡ, ಉದ್ಯಮಪತಿಗಳ ಮಾಧ್ಯಮ ಪ್ರವೇಶಕ್ಕೆ ಕಡಿವಾಣ ಬೇಕು ಎಂದು 2014ರ ಆಗಸ್ಟ್‌ನಲ್ಲಿ ಅದು ಶಿಫಾರಸು ಮಾಡಿತು. ಹತ್ತು ವರ್ಷ ಕಳೆದರೂ ಅದು ಕಾನೂನಾಗಲಿಲ್ಲ.

ಪತ್ರಿಕೆಗಳಿಗಾದರೂ 1956ರ ನಿಯಮವೊಂದಿತ್ತು: ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲಿದ್ದವರ ಹೆಸರನ್ನು ವರ್ಷಕ್ಕೊಮ್ಮೆ ಅಚ್ಚು ಹಾಕಬೇಕು. ಈ ವಿಲೀನದಲ್ಲಿ ನೂರಕ್ಕೆ ಒಂದು ಎಂದರೇ 703 ಕೋಟಿ.

ಮಾಲೀಕ ಊರಿನವನೇ ಆದರೆ ಮತ ಅವನಿಗೆ ತಾಗುತ್ತದೆಯೇ? ಅದಕ್ಕೂ ವಯನಾಡಿನಲ್ಲೇ ಉತ್ತರವಿದೆ. ಕಲ್ಪೆಟ್ಟದ ಪದ್ಮಪ್ರಭ ಗೌಡರ ಮಗ ಎಂ.ಪಿ. ವೀರೇಂದ್ರಕುಮಾರ್, 1979ರಿಂದ 'ಮಾತೃಭೂಮಿ' ಪತ್ರಿಕೆಯ ಚುಕ್ಕಾಣಿ ಹಿಡಿದವರು. ಅದರ ಜೊತೆಗೇ ಸಂಸದರಾದರು, ಕೇಂದ್ರ ಸಚಿವರೂ ಆದರು. 2014ರಲ್ಲಿ ಪಾಲಕ್ಕಾಡಿನ ಮತದಾರರು ಅವರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಲೋಕಸಭೆಯ ಕುರ್ಚಿ ತಪ್ಪಿತು, ಪತ್ರಿಕೆಯ ಕುರ್ಚಿ ಅಲ್ಲಾಡಲಿಲ್ಲ. ಒಬ್ಬನೇ ಮನುಷ್ಯ, ಮತ ತಾಗಿದ್ದು ಅರ್ಧಕ್ಕೆ ಮಾತ್ರ. ಉಪಚುನಾವಣೆಯ ಕಣದಲ್ಲೇ ಇಲ್ಲದವರಿಗೆ ಪನಮರಂನ ಮತ ತಾಗುವುದಾದರೂ ಹೇಗೆ?

ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗಿ ಮೈಸೂರು ಸೀಮೆಗೆ ಇಳಿಯುತ್ತವೆ. ದಡದಲ್ಲಿ ನಿಂತರೆ ಕೂಡಲು ಕಣ್ಣಿಗೆ ಕಾಣುತ್ತದೆ. ಆದರೆ ಅದೇ ಕಬಿನಿಯ ನೀರು ಕುಡಿಯುವ ಕನ್ನಡದ ಮನೆಗಳಲ್ಲಿ, ವಿಲೀನದಲ್ಲಿ ಒಂದೇ ಕಂಪನಿಗೆ ಸೇರಿದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಇವತ್ತಿಗೂ ರಿಮೋಟಿನಲ್ಲಿ ಬೇರೆ ಬೇರೆ ನಂಬರು. ಅವು ಕೂಡಿದ ಜಾಗ ಮಾತ್ರ ಯಾವ ದಡದಿಂದಲೂ ಕಾಣುವುದಿಲ್ಲ.