ಕುಂಬಳದ ನಗೆ, ಕುಸರೆಳ್ಳಿನ ಓಲೆ

ಹಬ್ಬದ ಸಡಗರವೆಲ್ಲ ಅಂಗೈಯಗಲದ ಕಾಗದವನ್ನೇರಿ ಊರಿಂದೂರಿಗೆ ಪಯಣ ಬೆಳೆಸುತ್ತಿದ್ದ ಕಾಲವೊಂದಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಿಗೆ ಸಂಕ್ರಮಣದ ವೇಳೆಗೆ ಬರುತ್ತಿದ್ದ ಬಣ್ಣದ ಕಾರ್ಡುಗಳನ್ನು ಬಲ್ಲವರಿಗೆ ಈ ಮಾತು ಅತಿಶಯವೆನಿಸದು. ಹೂಗೊಂಚಲು, ಜೋಡಿಹಕ್ಕಿ, ದೇವರು, ಒಮ್ಮೊಮ್ಮೆ ಚಿತ್ರತಾರೆಯರು ಕೂಡ ಅವುಗಳ ಮೇಲೆ ಮೆರೆಯುತ್ತಿದ್ದರು. ಲಕೋಟೆ ಒಡೆದೊಡನೆ ನಾಲ್ಕು ಕಾಳು ಕುಸರೆಳ್ಳು ಉದುರುತ್ತಿದ್ದವು. ಸಣ್ಣ ಕೆಂಡದ ಮೇಲಿನ ಪರಾತದಲ್ಲಿ ಎಳ್ಳಿಗೆ ಹನಿಹನಿಯಾಗಿ ಸಕ್ಕರೆಯ ಪಾಕವುಣಿಸಿ, ಬೆರಳಾಡಿಸುತ್ತ ಮುಳ್ಳುಮುಳ್ಳಾಗಿ ಅರಳಿಸಿದ ಸಿಹಿ ಅದು. ಅಂಚೆಯ ಮುದ್ರೆಯ ಏಟಿಗೆ ಪುಡಿಯಾಗಿದ್ದರೂ ಬೇಸರವಿಲ್ಲ. ದೂರದ ಅಕ್ಕನ ಅಕ್ಕರೆ ತಲುಪಿತಲ್ಲ!

ಇಂಥದೇ ಹವ್ಯಾಸವೊಂದು ಶತಮಾನದ ಹಿಂದೆ ಅಮೆರಿಕೆಯಲ್ಲಿಯೂ ಇದ್ದಿತು. ಅಕ್ಟೋಬರ್ 31ರ ಇರುಳು ಅಲ್ಲಿ ಹ್ಯಾಲೋವೀನ್ ಹಬ್ಬ. ಭೂತಪ್ರೇತಗಳು ಸಂಚರಿಸುವ ರಾತ್ರಿಯೆಂದು ಹಿಂದಿನವರ ನಂಬಿಕೆ. 1905ರಿಂದ ಸುಮಾರು ಹತ್ತು ವರ್ಷ ಆ ಹಬ್ಬದ ಚಿತ್ರಕಾರ್ಡುಗಳು ಅಂಚೆಯಲ್ಲಿ ಹೊಳೆಯಾಗಿ ಹರಿದವು. ಏನು ಚಿತ್ರಗಳವು! ಕುಂಬಳಕಾಯಿಗೆ ಕೈಕಾಲು ಮೂಡಿ ಕುಣಿಯುತ್ತದೆ. ಮಾಟಗಾತಿ ಕಸಬರಿಗೆಯೇರಿ ಚಂದ್ರನತ್ತ ಹಾರುತ್ತಾಳೆ. ಕರಿಬೆಕ್ಕು, ಗೂಬೆಗಳು ಗಣ್ಯರಂತೆ ಕುಳಿತು ನಗುತ್ತವೆ. ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಕಟ್ಟುವ ಬೂದುಗುಂಬಳಕ್ಕೆ ನಾವೂ ಕಣ್ಣು, ಮೀಸೆ, ಕೋರೆಹಲ್ಲು ಬರೆಯುವುದಿಲ್ಲವೆ? ಅಂಜಿಸುವುದನ್ನೇ ನಗಿಸುವಂತೆ ಮಾಡಿದ್ದು ಆ ಚಿತ್ರಕಾರರ ಜಾಣ್ಮೆ. ಎಲೆನ್ ಕ್ಲಾಪ್‌ಸ್ಯಾಡಲ್ ಎಂಬ ಕಲಾವಿದೆಯಂತೂ ಮಗುವಿನ ತೋಳನ್ನು ಅತ್ತಿತ್ತ ಆಡಿಸಬಹುದಾದ ಕಾರ್ಡುಗಳನ್ನೇ ರಚಿಸಿದಳು.

ಇವುಗಳಲ್ಲಿ ಅನೇಕವು ಜರ್ಮನಿಯ ಕಲ್ಲಚ್ಚಿನಲ್ಲಿ ಮುದ್ರಿತವಾದವು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಕಾರ್ಡುಗಳ ಹೊಳೆಯೂ ಬತ್ತತೊಡಗಿತು. ಆದರೆ ಕಳಿಸಿದ ಕಾರ್ಡುಗಳೆಲ್ಲ ಅಳಿಯಲಿಲ್ಲ. ಅವನ್ನು ಆಲ್ಬಮ್ಮುಗಳಲ್ಲಿ ಜೋಪಾನ ಮಾಡಿದವರಿದ್ದರು. ಅಂದು ಒಂದು ಸೆಂಟಿನ ಅಂಚೆಯಲ್ಲಿ ಹೋದ ಕಾರ್ಡನ್ನು ಇಂದು ಸಂಗ್ರಾಹಕರು ದುಬಾರಿ ಬೆಲೆ ತೆತ್ತು ಕೊಳ್ಳುತ್ತಾರೆ.

ನಮ್ಮ ಸಂಕ್ರಮಣದ ಕಾರ್ಡುಗಳ ಗತಿಯೇನು? ಮೊದಲು ದೂರವಾಣಿ, ಬಳಿಕ ಮೊಬೈಲು ಅವುಗಳ ಕೆಲಸವನ್ನು ಕಸಿದುಕೊಂಡವು. ಉಳಿದವು ಟ್ರಂಕಿನ ತಳ ಸೇರಿವೆ. ಮನೆಗೆ ಸುಣ್ಣ ಹೊಡೆಯುವಾಗ ರದ್ದಿಯ ಪಾಲಾಗುತ್ತವೆ. ಕಾರ್ಡಿನ ಚಿತ್ರ ಸಾಧಾರಣವೇ ಇರಬಹುದು. ಆದರೆ ಹಿಂಬದಿಯ ಎರಡು ಸಾಲು? ಹಿಟ್ಟು ಬೀಸಿ, ರೊಟ್ಟಿ ಬಡಿದು ಆಯುಷ್ಯ ಸವೆಸಿದ ಎಷ್ಟೋ ತಾಯಂದಿರ ಕೈಬರಹ ಉಳಿದಿದ್ದರೆ ಅದು ಇಂಥ ಕಾಗದದಲ್ಲಿಯೇ.

ಆದ್ದರಿಂದ ಮುಂದಿನ ಸಂಕ್ರಮಣಕ್ಕೆ ಮೊದಲು ಆ ಟ್ರಂಕನ್ನೊಮ್ಮೆ ತೆರೆಯಿರಿ. ಕಾರ್ಡು ಕಳಿಸಿದವರಾರು, ಯಾವ ಊರು, ಯಾವ ವರುಷವೆಂದು ಹಿರಿಯರನ್ನು ಕೇಳಿ ಬರೆದಿಡಿರಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸವಾಗಬೇಕು. ‘ಎಳ್ಳು-ಬೆಲ್ಲ ತೊಗೊಂಡು ಎಳ್ಳು-ಬೆಲ್ಲದ್ಹಂಗ ಇರೂಣು’ ಎಂದು ಹರಸಿದ ಕೈಗಳ ಗುರುತನ್ನು ಮಕ್ಕಳು, ಮೊಮ್ಮಕ್ಕಳೂ ಕಾಣಲಿ.